4294967297: ಒಂದು ದೊಡ್ಡ ಸಂಖ್ಯೆಯನ್ನು ಕಾಗದ, ಪೆನ್ಸಿಲ್ ಹಿಡಿದು ಪೂರ್ತಿಯಾಗಿ ಅರಿಯುವ ಬಗೆ

4294967297. ಹತ್ತು ಅಂಕಿ, ನಮ್ಮ ಮೊಬೈಲ್ ನಂಬರಿನಷ್ಟೇ ಉದ್ದ. ಇದು ಅವಿಭಾಜ್ಯವೋ ಅಲ್ಲವೋ ಎಂಬ ಪ್ರಶ್ನೆ ಯುರೋಪಿನ ಗಣಿತಜ್ಞರ ಮುಂದೆ ಸುಮಾರು ತೊಂಬತ್ತು ವರ್ಷ ಉತ್ತರವಿಲ್ಲದೆ ನಿಂತಿತ್ತು. 1640ರಲ್ಲಿ ಫ್ರಾನ್ಸಿನ ಪಿಯರ್ ದ ಫರ್ಮಾ, 3, 5, 17, 257, 65537 ಎಂದು ಸಾಗುವ ಸಾಲಿನಲ್ಲಿ ಬರುವ ಎಲ್ಲ ಸಂಖ್ಯೆಗಳೂ ಅವಿಭಾಜ್ಯ ಎಂದು ಪತ್ರದಲ್ಲಿ ಬರೆದ. ಅದರ ಸಾಧನೆ, ಅಂದರೆ ತರ್ಕಬದ್ಧ ಪುರಾವೆ, ತನ್ನ ಬಳಿ ಇಲ್ಲ ಎಂದೂ ಒಪ್ಪಿಕೊಂಡ. ಆ ಸಾಲಿನ ಮುಂದಿನ ಸಂಖ್ಯೆಯೇ ನಮ್ಮ 4294967297. 1729ರ ಡಿಸೆಂಬರ್‌ನಲ್ಲಿ ಗೋಲ್ಡ್‌ಬಾಖ್ ಇದೇ ಪ್ರಶ್ನೆಯನ್ನು ಪತ್ರದಲ್ಲಿ ತನ್ನಂತೆಯೇ ಗಣಿತಜ್ಞನಾದ ಆಯ್ಲರನಿಗೆ ಕೇಳಿದ. 1732ರಲ್ಲಿ ಆಯ್ಲರ್ ಸಂಖ್ಯೆಯನ್ನು ಒಡೆದ.

ಆಯ್ಲರ್ ಮಾಡಿದ್ದನ್ನೂ ಅದಕ್ಕಿಂತ ಒಂದಿಷ್ಟು ಹೆಚ್ಚಿನದನ್ನೂ ನೀವೇ ಮಾಡಿ ನೋಡಲು ಈ ಮಾರ್ಗದರ್ಶಿ. ಹತ್ತನೇ ತರಗತಿಯ ಗಣಿತ, ಹತ್ತು ಹನ್ನೆರಡು ಹಾಳೆ, ಒಂದು ಸಾದಾ ಕ್ಯಾಲ್ಕುಲೇಟರ್ ಇದ್ದರೆ ಸಾಕು. ಕಂಪ್ಯೂಟರ್ ಬೇಡ. ದೊಡ್ಡ ಸಂಖ್ಯೆ ಎದುರಾದ ಕೂಡಲೇ 2, 3, 5, 7 ಎಂದು ಕಣ್ಣುಮುಚ್ಚಿ ಭಾಗಿಸುತ್ತ ಕೂರಬೇಡಿ, ಮೊದಲು ಅದರ ರೂಪ ನೋಡಿ. ನಾನು ಹೇಳಬೇಕೆಂದಿರುವುದು ಇಷ್ಟೇ. ರೂಪ ಸಿಕ್ಕಿತೆಂದರೆ ಸಾವಿರಾರು ಭಾಗಾಕಾರಗಳು ಒಂದೆರಡಕ್ಕೆ ಇಳಿಯುತ್ತವೆ.

ಹಂತ 1: ಸಂಖ್ಯೆಯನ್ನು ಓದಿ, ಅದರ ರೂಪ ಹುಡುಕಿ

ಮೊದಲು ನಮ್ಮ ರೀತಿಯಲ್ಲಿ ಅಲ್ಪವಿರಾಮ ಹಾಕಿ: 429,49,67,297. ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಬಾಯಿಬಿಟ್ಟು ಓದಿ. ಅಂಕಿ ತಪ್ಪಾಗಿ ನಕಲು ಮಾಡಿಕೊಂಡರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ, ಗಟ್ಟಿಯಾಗಿ ಓದಿದರೆ ಅಂಥ ತಪ್ಪು ಕಿವಿಗೆ ಸಿಗುತ್ತದೆ.

ಈಗ ಒಂದು ಕಳೆಯಿರಿ. 4294967296 ಬರುತ್ತದೆ. ಕಂಪ್ಯೂಟರ್ ಬಲ್ಲವರಿಗೆ ಇದು ಪರಿಚಿತ ಸಂಖ್ಯೆ: 2³². 32 ಬಿಟ್‌ಗಳಲ್ಲಿ ಬರೆಯಬಹುದಾದ ಬೇರೆ ಬೇರೆ ಸಂಖ್ಯೆಗಳು ಇಷ್ಟೇ, ಹಳೆಯ ಮಾದರಿಯ ಇಂಟರ್ನೆಟ್ ವಿಳಾಸಗಳೂ ಒಟ್ಟು ಇಷ್ಟೇ. ಖಚಿತ ಮಾಡಿಕೊಳ್ಳಲು 65536ರ ವರ್ಗ ತೆಗೆಯಿರಿ. 65500ರ ವರ್ಗ 4290250000. 65500 ಮತ್ತು 36ರ ಗುಣಲಬ್ಧದ ಎರಡರಷ್ಟು 4716000. 36ರ ವರ್ಗ 1296. ಮೂರನ್ನೂ ಕೂಡಿದರೆ 4294967296.

ಹಾಗಾಗಿ ನಮ್ಮ ಸಂಖ್ಯೆ 2³² + 1. ದ್ವಿಮಾನ ಪದ್ಧತಿಯಲ್ಲಿ ಬರೆದರೆ ಮೊದಲಿಗೊಂದು 1, ನಡುವೆ 31 ಸೊನ್ನೆ, ಕೊನೆಗೊಂದು 1. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಫರ್ಮಾನ ಸಾಲು ಹುಟ್ಟುವುದು ಹೀಗೆ: 2ರ ಘಾತಾಂಕವಾಗಿ 1, 2, 4, 8, 16, 32 ಇಡುತ್ತ ಹೋಗಿ, ಪ್ರತಿ ಸಲವೂ 1 ಕೂಡಿ. 2¹+1 = 3, 2²+1 = 5, 2⁴+1 = 17, 2⁸+1 = 257, 2¹⁶+1 = 65537. ಈ ಐದೂ ಅವಿಭಾಜ್ಯವೇ. ಆರನೆಯದು ನಮ್ಮದು.

ಈ ಐದನ್ನು ಒಂದಕ್ಕೊಂದು ಗುಣಿಸಿ ನೋಡಿ. 3 × 5 = 15. 15 × 17 = 255. 255 × 257 = 65535. 65535 × 65537 = 4294967295. ನಮ್ಮ ಸಂಖ್ಯೆಗಿಂತ ಸರಿಯಾಗಿ ಎರಡು ಕಡಿಮೆ! ಕಾರಣ ಸರಳ: ಪ್ರತಿ ಹೆಜ್ಜೆಯಲ್ಲೂ (ಅ − 1)(ಅ + 1) = ಅ² − 1 ಎಂಬ ಸೂತ್ರವೇ ಕೆಲಸ ಮಾಡುತ್ತಿದೆ. ಈ ಒಂದು ಸಾಲಿನಿಂದ ದೊಡ್ಡ ಲಾಭವಿದೆ. 3, 5, 17, 257, 65537 ಇವುಗಳಲ್ಲಿ ಯಾವುದಾದರೂ ನಮ್ಮ ಸಂಖ್ಯೆಯನ್ನು ಭಾಗಿಸುವುದಾದರೆ, ಅದು ಎರಡರ ವ್ಯತ್ಯಾಸವಾದ 2ನ್ನೂ ಭಾಗಿಸಬೇಕು. ಬೆಸ ಸಂಖ್ಯೆಗೆ ಅದು ಆಗದ ಮಾತು. ಭಾಗಾಕಾರವನ್ನೇ ಮಾಡದೆ ಐದು ಅವಿಭಾಜ್ಯಗಳನ್ನು ಬದಿಗಿಟ್ಟಂತಾಯಿತು.

ಹಂತ 2: ಶಾಲೆಯಲ್ಲಿ ಕಲಿತ ಪರೀಕ್ಷೆಗಳು

ಇದನ್ನು ಬೇಗ ಮುಗಿಸೋಣ. ಅಂಕಿಗಳ ಮೊತ್ತ 4+2+9+4+9+6+7+2+9+7 = 59. 59ನ್ನು 9ರಿಂದ ಭಾಗಿಸಿದರೆ ಶೇಷ 5. ಹಾಗಾಗಿ 3 ಇಲ್ಲ, 9 ಇಲ್ಲ. ಕೊನೆಯ ಅಂಕಿ 7, ಹಾಗಾಗಿ 2 ಇಲ್ಲ, 5 ಇಲ್ಲ.

7, 11, 13 ಮೂರಕ್ಕೂ ಸೇರಿ ಒಂದೇ ಪರೀಕ್ಷೆ ಸಾಕು, ಏಕೆಂದರೆ 7 × 11 × 13 = 1001. ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದನ್ನು ಬಿಟ್ಟು ಒಂದನ್ನು ಕಳೆಯುತ್ತ ಹೋಗಿ: 297 − 967 + 294 − 4 = −380. ಈ 380ನ್ನು 7ರಿಂದ ಭಾಗಿಸಿದರೆ ಶೇಷ 2, 11ರಿಂದ ಭಾಗಿಸಿದರೆ 6, 13ರಿಂದ ಭಾಗಿಸಿದರೆ 3. ಯಾವುದೂ ನಿಶ್ಶೇಷವಲ್ಲ.

9ರಿಂದ ಬಂದ ಶೇಷ 5 ಎಂಬುದನ್ನು ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. 11ರಿಂದ ಬರುವ ಶೇಷವೂ 5 (−380ಕ್ಕೆ 385 ಕೂಡಿ ನೋಡಿ). ಮುಂದೆ ಉತ್ತರವನ್ನು ತಾಳೆ ನೋಡಲು ಇವೆರಡೂ ಬೇಕಾಗುತ್ತವೆ.

ಇದೇ ದಾರಿಯಲ್ಲಿ ಮುಂದುವರಿದರೆ ಎಲ್ಲಿಯವರೆಗೆ ಹೋಗಬೇಕು? ವರ್ಗಮೂಲದವರೆಗೆ, ಅಂದರೆ 65536ರವರೆಗೆ. ಅಷ್ಟರೊಳಗೆ 6542 ಅವಿಭಾಜ್ಯಗಳಿವೆ. ಸಂಖ್ಯೆ ಅವಿಭಾಜ್ಯವಾಗಿದ್ದರೆ ಅಷ್ಟೂ ಭಾಗಾಕಾರ ಮಾಡಿದ ಮೇಲಷ್ಟೇ ತೀರ್ಪು. ಬೇರೆ ದಾರಿ ಬೇಕು.

ಹಂತ 3: ಒಡೆಯುವ ಮೊದಲು, ಒಡೆಯುತ್ತದೆಯೇ ಎಂದು ಪರೀಕ್ಷಿಸಿ

ಫರ್ಮಾ ಕೊಟ್ಟ ಪ್ರಮೇಯವೊಂದು ಇಲ್ಲಿ ಕೆಲಸಕ್ಕೆ ಬರುತ್ತದೆ. ಪ ಎಂಬುದು ಅವಿಭಾಜ್ಯವಾಗಿದ್ದು, ಅದು ಭಾಗಿಸದ ಯಾವುದೇ ಸಂಖ್ಯೆಯನ್ನು ಪ − 1 ಘಾತಕ್ಕೆ ಏರಿಸಿ ಪದಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಬರದಿದ್ದರೆ ಸಂಖ್ಯೆ ಖಂಡಿತ ಸಂಯುಕ್ತ. ಬಂದರೆ? ಅವಿಭಾಜ್ಯ ಇರಬಹುದು, ಅಷ್ಟೇ.

ಮೊದಲು 2ರಿಂದ ಪರೀಕ್ಷಿಸೋಣ. 2³² ಎಂಬುದು ನಮ್ಮ ಸಂಖ್ಯೆಗಿಂತ ಒಂದು ಕಡಿಮೆ, ಆದ್ದರಿಂದ ಅದರ ಶೇಷವನ್ನು −1 ಎಂದು ಬರೆಯಬಹುದು. ವರ್ಗ ತೆಗೆದರೆ 2⁶⁴ರ ಶೇಷ 1. ನಮಗೆ ಬೇಕಾದ ಘಾತಾಂಕ 4294967296, ಅದು 64ರ ಅಪವರ್ತ್ಯ. ಹಾಗಾಗಿ ಶೇಷ 1 ಬಂದೇ ಬರುತ್ತದೆ. ಸಂಖ್ಯೆ ಪರೀಕ್ಷೆಯಲ್ಲಿ ಪಾಸು! ಆದರೆ ಈ ಪಾಸಿಗೆ ಬೆಲೆಯಿಲ್ಲ. ಫರ್ಮಾನ ಸಾಲಿನ ಯಾವ ಸಂಖ್ಯೆಯನ್ನು ಕೊಟ್ಟರೂ 2 ಹೀಗೇ ಪಾಸು ಮಾಡುತ್ತದೆ, ಏಕೆಂದರೆ ಆ ಸಂಖ್ಯೆಗಳು ಕಟ್ಟಿರುವುದೇ 2ರಿಂದ. ಪರೀಕ್ಷೆಯ ಆಧಾರ ಸಂಖ್ಯೆಯನ್ನು ಆರಿಸುವಾಗ ಇದು ಸದಾ ನೆನಪಿರಲಿ.

ಈಗ 3 ತೆಗೆದುಕೊಳ್ಳಿ. ಪೆಪಾಂ 1877ರಲ್ಲಿ ಕೊಟ್ಟ ಪರೀಕ್ಷೆಯ ಇಂದಿನ ರೂಪ ಇದು: 3ರಿಂದ ಶುರು ಮಾಡಿ ಸತತವಾಗಿ 31 ಸಲ ವರ್ಗ ತೆಗೆಯಿರಿ, ಪ್ರತಿ ಸಲವೂ ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳಿ. ಕೊನೆಗೆ −1 ಬಂದರೆ ಅವಿಭಾಜ್ಯ, ಬರದಿದ್ದರೆ ಸಂಯುಕ್ತ. ಇಲ್ಲಿ "ಇರಬಹುದು" ಎಂಬ ಮಾತಿಲ್ಲ, ತೀರ್ಪು ಎರಡೂ ಕಡೆ ಖಚಿತ.

ಭಾಗಿಸುವ ಶ್ರಮವನ್ನು ಉಳಿಸಲು ಒಂದು ಉಪಾಯವಿದೆ. 2³²ರ ಶೇಷ −1 ಆದ್ದರಿಂದ, ಯಾವುದೇ ಸಂಖ್ಯೆಯನ್ನು 4294967296ರಿಂದ ಭಾಗಿಸಿ, ಬಂದ ಶೇಷದಿಂದ ಭಾಗಲಬ್ಧವನ್ನು ಕಳೆದರೆ ಸಾಕು. ವರ್ಗಗಳು ಹೀಗೆ ಬೆಳೆಯುತ್ತವೆ: 3, 9, 81, 6561, 43046721. ಮುಂದಿನದು 3³² = 1853020188851841. ಇದನ್ನು 4294967296ರಿಂದ ಭಾಗಿಸಿದರೆ ಭಾಗಲಬ್ಧ 431439, ಶೇಷ 3793632897. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ: 3793201458. ಐದು ವರ್ಗ ಮುಗಿಯಿತು. ಕಳೆದಾಗ ಋಣ ಸಂಖ್ಯೆ ಬಂದರೆ ನಮ್ಮ ಸಂಖ್ಯೆಯನ್ನೊಮ್ಮೆ ಕೂಡಿಕೊಳ್ಳಿ.

ಇಲ್ಲಿಂದ ಮುಂದೆ ವರ್ಗಗಳು 19 ಅಥವಾ 20 ಅಂಕಿಯವರೆಗೂ ಹೋಗುತ್ತವೆ. ಸಾದಾ ಕ್ಯಾಲ್ಕುಲೇಟರ್ ಅಷ್ಟು ಅಂಕಿಗಳನ್ನು ಹಿಡಿಯುವುದಿಲ್ಲ, ಕೊನೆಯವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಸಂಖ್ಯೆಯನ್ನು ಎರಡು ತುಂಡು ಮಾಡಿ ಗುಣಿಸಿ ಕೂಡಿಕೊಳ್ಳಬೇಕು. 31 ಸಲವೂ ಕೈಯಲ್ಲೇ ಮಾಡಲು ಒಂದು ಇಡೀ ಭಾನುವಾರ ಬೇಕು. ತಾಳ್ಮೆ ಇದ್ದವರು ಮಾಡಲಿ, ಇಲ್ಲದವರು ಕೊನೆಯ ಮೌಲ್ಯವನ್ನು ನನ್ನಿಂದ ಪಡೆಯಿರಿ: 10324303. ಇದು −1 ಅಲ್ಲ, ಅಂದರೆ 4294967296 ಅಲ್ಲ. ಇನ್ನೊಂದು ಸಲ ವರ್ಗ ತೆಗೆದರೆ ಶೇಷ 3029026160, ಅವಿಭಾಜ್ಯವಾಗಿದ್ದರೆ ಅಲ್ಲಿ 1 ಬರಬೇಕಿತ್ತು. ಈ ಕೊನೆಯ ಒಂದು ವರ್ಗವನ್ನಾದರೂ ಕೈಯಲ್ಲಿ ಮಾಡಿ ನೋಡಿ: 10324303ರ ವರ್ಗ 106591232435809, ಅದರಿಂದ 4294967297ರ 24817ರಷ್ಟನ್ನು, ಅಂದರೆ 106588203409649ನ್ನು ಕಳೆಯಿರಿ.

ಸಂಖ್ಯೆ ಸಂಯುಕ್ತ ಎಂದು ಈಗ ಗೊತ್ತಾಯಿತು, ಆದರೆ ಅದರ ಒಂದು ಅಪವರ್ತನವೂ ನಮ್ಮ ಕೈಯಲ್ಲಿಲ್ಲ. ಸಂಖ್ಯಾ ಸಿದ್ಧಾಂತದಲ್ಲಿ ನನಗೆ ಅತ್ಯಂತ ಇಷ್ಟವಾದ ಸ್ಥಿತಿ ಇದು: ಒಡೆಯುತ್ತದೆ ಎಂಬುದು ಖಚಿತ, ಎಲ್ಲಿ ಒಡೆಯುತ್ತದೆ ಎಂಬುದು ಇನ್ನೂ ಗುಟ್ಟು.

ಹಂತ 4: ಅಪವರ್ತನ ಹೇಗಿರಬೇಕು ಎಂದು ಮೊದಲೇ ತಿಳಿಯಿರಿ

ಈ ಮಾರ್ಗದರ್ಶಿಯ ಜೀವಾಳ ಈ ಹಂತದಲ್ಲಿದೆ, ನಿಧಾನವಾಗಿ ಓದಿ.

ಪ ಎಂಬ ಅವಿಭಾಜ್ಯ ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಎಂದಿಟ್ಟುಕೊಳ್ಳಿ. 2, 2², 2³, 2⁴ ಎಂದು ಘಾತಗಳನ್ನು ಏರಿಸುತ್ತ, ಪ್ರತಿಯೊಂದನ್ನೂ ಪದಿಂದ ಭಾಗಿಸಿ ಶೇಷ ಬರೆಯುತ್ತ ಹೋದರೆ ಎಂದಾದರೊಂದು ದಿನ ಶೇಷ 1 ಬರುತ್ತದೆ, ಅಲ್ಲಿಂದ ಅದೇ ಶೇಷಗಳು ಮರುಕಳಿಸುತ್ತವೆ. ಈ ಆವರ್ತದ ಉದ್ದ ಎಷ್ಟು? 2³²ರ ಶೇಷ −1, 2⁶⁴ರ ಶೇಷ 1. ಆದ್ದರಿಂದ ಆವರ್ತದ ಉದ್ದ 64ನ್ನು ಭಾಗಿಸಬೇಕು. ಅದು 32 ಅಥವಾ ಅದಕ್ಕಿಂತ ಚಿಕ್ಕದಾಗಿದ್ದರೆ 2³²ರ ಶೇಷ 1 ಆಗಿಬಿಡುತ್ತಿತ್ತು, ಆದರೆ ಅದು −1. ಹಾಗಾಗಿ ಉದ್ದ ಸರಿಯಾಗಿ 64.

ಫರ್ಮಾನ ಪ್ರಮೇಯದ ಪ್ರಕಾರ ಪ − 1 ಘಾತದಲ್ಲೂ ಶೇಷ 1. ಅಂದರೆ ಪ − 1 ಎಂಬುದು 64ರ ಅಪವರ್ತ್ಯ. ಆಯ್ಲರ್ ಕಂಡ ಸತ್ಯ ಇದು: ನಮ್ಮ ಸಂಖ್ಯೆಯ ಪ್ರತಿ ಅವಿಭಾಜ್ಯ ಅಪವರ್ತನವೂ 64ಕ + 1 ರೂಪದಲ್ಲೇ ಇರಬೇಕು (ಕ ಎಂದರೆ 1, 2, 3 ಎಂದು ಸಾಗುವ ಯಾವುದಾದರೂ ಪೂರ್ಣಸಂಖ್ಯೆ). ಈ ಸಾಲಿನ ಅವಿಭಾಜ್ಯಗಳನ್ನು ಬರೆಯಿರಿ: 193, 257, 449, 577, 641...

1878ರಲ್ಲಿ ಎದುವಾರ್ ಲ್ಯೂಕಾ ಇದನ್ನು ಇನ್ನೂ ಬಿಗಿ ಮಾಡಿದ: 64 ಅಲ್ಲ, 128. ಅದಕ್ಕೆ ಬೇಕಾದದ್ದು ವರ್ಗ ಮಾಡಿದಾಗ ಶೇಷ 2 ಕೊಡುವ ಒಂದು ಸಂಖ್ಯೆ. ನಮಗೆ ಅದು ಸಿದ್ಧವಾಗಿಯೇ ಸಿಗುತ್ತದೆ: 256 × 65535 = 16776960. ಪರೀಕ್ಷಿಸಿ. 65535 = 2¹⁶ − 1, ಅದರ ವರ್ಗ 2³² − 2¹⁷ + 1, ಅಂದರೆ ನಮ್ಮ ಸಂಖ್ಯೆಯಿಂದ 2¹⁷ ಕಳೆದಷ್ಟು. ಶೇಷ −2¹⁷. ಇದನ್ನು 256ರ ವರ್ಗವಾದ 2¹⁶ರಿಂದ ಗುಣಿಸಿದರೆ −2³³, ಅಂದರೆ −2 × 2³². 2³²ರ ಶೇಷ −1, ಹಾಗಾಗಿ ಇದರ ಶೇಷ +2. ಅಲ್ಲಿಗೆ 16776960ರ 64ನೇ ಘಾತ 2³²ರಂತೆ −1 ಶೇಷ ಕೊಡುತ್ತದೆ, 128ನೇ ಘಾತ 1 ಕೊಡುತ್ತದೆ. ಮೊದಲಿನ ವಾದವನ್ನೇ ಮತ್ತೆ ಹೂಡಿದರೆ ಆವರ್ತ 128, ಮತ್ತು ಪ − 1 ಎಂಬುದು 128ರ ಅಪವರ್ತ್ಯ.

128ಕ + 1 ಸಾಲು: 129, 257, 385, 513, 641. ಇದರಲ್ಲಿ 129 = 3 × 43, 385 = 5 × 7 × 11, 513 = 27 × 19. ಉಳಿದ ಅವಿಭಾಜ್ಯಗಳು 257 ಮತ್ತು 641. 257ನ್ನು ಹಂತ 1ರಲ್ಲೇ ಕೈಬಿಟ್ಟಿದ್ದೇವೆ. ಹಾಗಾಗಿ ನಾವು ಮಾಡಬೇಕಾದ ಮೊಟ್ಟಮೊದಲ ಭಾಗಾಕಾರ 641ರಿಂದ. ಅವಿಭಾಜ್ಯಗಳ ಪಟ್ಟಿಯಲ್ಲಿ 641 ನೂರಹದಿನಾರನೆಯದು. ಸಾಲಾಗಿ ಹೋಗಿದ್ದರೆ ಅದಕ್ಕೂ ಮುಂಚೆ ಎಷ್ಟು ಭಾಗಾಕಾರ ಆಗುತ್ತಿತ್ತು ಎಂದು ಯೋಚಿಸಿ.

ಹಂತ 5: 641

ನೇರವಾಗಿ ಭಾಗಿಸಿ: 4294967297 ÷ 641 = 6700417, ಶೇಷ ಸೊನ್ನೆ. ಮುಗಿಯಿತು.

ಹಂತ 2ರಲ್ಲಿ ಬರೆದಿಟ್ಟ ಶೇಷಗಳಿಂದ ತಾಳೆ ನೋಡಿ. 641ರ ಅಂಕಿ ಮೊತ್ತ 11, 9ರಿಂದ ಶೇಷ 2. 6700417ರ ಅಂಕಿ ಮೊತ್ತ 25, ಶೇಷ 7. 2 × 7 = 14, ಶೇಷ 5. ಸರಿಯಾಯಿತು. 11ರಿಂದ ನೋಡಿದರೆ 3 ಮತ್ತು 9, ಗುಣಲಬ್ಧ 27, ಶೇಷ 5. ಇದೂ ಸರಿ.

ಆದರೆ ಭಾಗಾಕಾರ "ಹೌದು" ಎಂದಷ್ಟೇ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಕಾರಣ ಬೇಕಾದರೆ 641ನ್ನು ಎರಡು ಬಗೆಯಲ್ಲಿ ಬರೆಯಿರಿ:

641 = 640 + 1 = 5 × 2⁷ + 1
641 = 625 + 16 = 5⁴ + 2⁴

ಎರಡನೆಯದನ್ನು 2²⁸ರಿಂದ ಗುಣಿಸಿ. 641 × 2²⁸ = 5⁴ × 2²⁸ + 2³². ಇಲ್ಲಿ 5⁴ × 2²⁸ ಎಂದರೆ (5 × 2⁷)ರ ನಾಲ್ಕನೇ ಘಾತ, ಅಂದರೆ 640⁴. ಹಾಗಾದರೆ

2³² + 1 = 641 × 2²⁸ − (640⁴ − 1)

ಬಲಗಡೆಯ ಆವರಣವನ್ನು ಬಿಡಿಸಿ: 640⁴ − 1 = (640 + 1)(640 − 1)(640² + 1) = 641 × 639 × 409601. ಎರಡೂ ಪದಗಳಲ್ಲಿ 641 ಇದೆ, ಹೊರಗೆ ತೆಗೆದರೆ ಒಳಗೆ ಉಳಿಯುವುದು 2²⁸ − 639 × 409601, ಅಂದರೆ 268435456 − 261735039 = 6700417. ದೊಡ್ಡ ಭಾಗಾಕಾರ ಮಾಡದೆಯೇ ಇನ್ನೊಂದು ಅಪವರ್ತನ ಮಡಿಲಿಗೆ ಬಿತ್ತು! ಇಷ್ಟು ಚೊಕ್ಕವಾದ ಸಾಧನೆಗಳು ಗಣಿತದಲ್ಲಿಯೂ ಬಹಳವಿಲ್ಲ. ಇದನ್ನು ಒಮ್ಮೆ ನೋಡದೆ ಬರೆದು ನೋಡಿ.

ಅಮೆರಿಕದ ವರ್ಮಾಂಟಿನ ಜೆರಾ ಕೋಲ್‌ಬರ್ನ್ ಎಂಬ ಹುಡುಗ ಬಾಯಿಲೆಕ್ಕಕ್ಕೆ ಹೆಸರಾಗಿದ್ದ. 1812ರಲ್ಲಿ ಲಂಡನ್ನಿಗೆ ಬಂದಾಗ ಅವನಿಗೆ ಇನ್ನೂ ಎಂಟು ವರ್ಷ ತುಂಬಿರಲಿಲ್ಲ. ಅವನ ಮುಂದೆ ಇದೇ ಸಂಖ್ಯೆ ಇಟ್ಟಾಗ 641ರಿಂದ ಭಾಗವಾಗುತ್ತದೆ ಎಂದು ಹೇಳಿಬಿಟ್ಟನಂತೆ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ಲೆಕ್ಕಗಳ ಸುದ್ದಿ ಕೇಳಿ ಬೆಳೆದ ನಮಗೆ ಇದನ್ನು ನಂಬುವುದು ಕಷ್ಟವೇನಲ್ಲ.

ಫರ್ಮಾನದೇ ಇನ್ನೊಂದು ವಿಧಾನವನ್ನೂ ಇಲ್ಲಿ ಹೇಳಬೇಕು. ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆದು ಒಡೆಯುವುದು ಅವನ ಜಾಣ ಉಪಾಯ, ಎರಡು ಅಪವರ್ತನಗಳು ಹತ್ತಿರ ಹತ್ತಿರ ಇದ್ದರೆ ಕ್ಷಣದಲ್ಲಿ ಫಲ ಕೊಡುತ್ತದೆ. ನಮ್ಮ ಸಂಖ್ಯೆಗೆ ಹೂಡಿದರೆ 65537ರಿಂದ ಶುರು ಮಾಡಿ 3350529 ಮುಟ್ಟುವವರೆಗೆ, ಅಂದರೆ 32 ಲಕ್ಷಕ್ಕೂ ಹೆಚ್ಚು ಸಲ ಪ್ರಯತ್ನಿಸಬೇಕು. ಒಂದು ಅಪವರ್ತನ ಚಿಕ್ಕದು, ಇನ್ನೊಂದು ಬಲು ದೊಡ್ಡದು ಎಂಬಲ್ಲಿ ಆ ವಿಧಾನ ಬೇಡ.

ಹಂತ 6: 6700417 ಮತ್ತೆ ಒಡೆಯುತ್ತದೆಯೇ?

ಇದನ್ನು ಬಹಳ ಮಂದಿ ಮರೆಯುತ್ತಾರೆ. ಒಂದು ಅಪವರ್ತನ ಸಿಕ್ಕಿದ ಖುಷಿಯಲ್ಲಿ ಇನ್ನೊಂದು ತಾನಾಗಿಯೇ ಅವಿಭಾಜ್ಯ ಎಂದುಕೊಳ್ಳುವುದು ಸರಿಯಲ್ಲ, ಅದನ್ನೂ ಸಾಧಿಸಬೇಕು.

6700417ರ ವರ್ಗಮೂಲ 2588 ಮತ್ತು 2589ರ ನಡುವೆ. ಅದರ ಯಾವುದೇ ಅವಿಭಾಜ್ಯ ಅಪವರ್ತನ ನಮ್ಮ ಮೂಲ ಸಂಖ್ಯೆಯ ಅಪವರ್ತನವೂ ಹೌದು, ಹಾಗಾಗಿ ಅದೂ 128ಕ + 1 ರೂಪದಲ್ಲೇ ಇರಬೇಕು. 2588ರ ಒಳಗೆ ಆ ಸಾಲನ್ನು ಪೂರ್ತಿ ಬರೆದರೆ 641ರ ನಂತರ ಬರುವವು 769, 897, 1025, 1153, 1281, 1409, 1537, 1665, 1793, 1921, 2049, 2177, 2305, 2433, 2561. ಇದರಲ್ಲಿ ಹೆಚ್ಚಿನವು ನೋಡಿದೊಡನೆ ಉದುರುತ್ತವೆ. ಸ್ವಲ್ಪ ಮೋಸ ಮಾಡುವವು ಇವು: 1537 = 29 × 53, 1793 = 11 × 163, 1921 = 17 × 113, 2177 = 7 × 311, 2561 = 13 × 197. ಕೊನೆಗೆ ಉಳಿಯುವ ಅವಿಭಾಜ್ಯಗಳು 769, 1153, 1409, ಜೊತೆಗೆ ಎರಡನೇ ಸಲ ಬರಬಹುದಾದ 641.

ನಾಲ್ಕೇ ಭಾಗಾಕಾರ:

641 × 10453 = 6700373, ಶೇಷ 44
769 × 8713 = 6700297, ಶೇಷ 120
1153 × 5811 = 6700083, ಶೇಷ 334
1409 × 4755 = 6699795, ಶೇಷ 622

ಯಾವುದೂ ಸೊನ್ನೆಯಲ್ಲ. 6700417 ಅವಿಭಾಜ್ಯ. ಎಪ್ಪತ್ತು ಲಕ್ಷದ ಹತ್ತಿರದ ಸಂಖ್ಯೆಯೊಂದು ಅವಿಭಾಜ್ಯವೆಂದು ನಾಲ್ಕು ಭಾಗಾಕಾರದಲ್ಲಿ ಸಾಧಿಸಿದ್ದೀರಿ. ರೂಪ ತಿಳಿಯದಿದ್ದರೆ 2588ರ ಒಳಗಿನ ಎಲ್ಲ ಅವಿಭಾಜ್ಯಗಳನ್ನೂ ಹಾಯಬೇಕಿತ್ತು.

ಹಂತ 7: ಭಾಜಕಗಳ ಲೆಕ್ಕ

ಎರಡು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧವಾದ್ದರಿಂದ ಭಾಜಕಗಳು ನಾಲ್ಕೇ: 1, 641, 6700417, 4294967297. ಇವುಗಳ ಮೊತ್ತ 4301668356. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ಬರೀ 6701059, ಸಂಖ್ಯೆಯ ಮುಂದೆ ತೀರಾ ಕಡಿಮೆ.

1ರಿಂದ ಈ ಸಂಖ್ಯೆಯವರೆಗೆ ಇದರೊಂದಿಗೆ 1ರ ಹೊರತು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳೆಷ್ಟು? 640 × 6700416 = 4288266240. ಶೇಕಡಾ 99.84ರಷ್ಟು. ಯಾವುದೋ ಒಂದು ಸಂಖ್ಯೆಯನ್ನು ಎತ್ತಿಕೊಂಡು ಮ.ಸಾ.ಅ. ತೆಗೆದರೆ ಹೆಚ್ಚುಕಡಿಮೆ ಯಾವಾಗಲೂ 1 ಬರುತ್ತದೆ. ಕುರುಡಾಗಿ ಹುಡುಕುವವರಿಗೆ ಈ ಸಂಖ್ಯೆ ಏಕೆ ಬಾಗಿಲು ತೆರೆಯುವುದಿಲ್ಲ ಎಂಬುದಕ್ಕೆ ಇದೇ ಅಳತೆ.

ಹಂತ 8: ಎರಡು ವರ್ಗಗಳ ಮೊತ್ತ, ಬ್ರಹ್ಮಗುಪ್ತನ ಸೂತ್ರ

ನಮ್ಮ ಸಂಖ್ಯೆ 65536² + 1² ಎಂಬುದು ಮೊದಲೇ ಗೊತ್ತು. ಅದರ ಎರಡು ಅಪವರ್ತನಗಳೂ ಎರಡು ವರ್ಗಗಳ ಮೊತ್ತವೇ:

641 = 25² + 4²
6700417 = 2556² + 409²

ಎರಡನೆಯದನ್ನು ತಾಳೆ ನೋಡಿ: 6533136 + 167281. ಇಂಥ ಎರಡು ಸಂಖ್ಯೆಗಳ ಗುಣಲಬ್ಧವೂ ಎರಡು ವರ್ಗಗಳ ಮೊತ್ತವಾಗುತ್ತದೆ, ಅದೂ ಎರಡು ಬಗೆಯಲ್ಲಿ. ಇದನ್ನು ಒಳಗೊಂಡ ಸೂತ್ರವನ್ನು ಬ್ರಹ್ಮಗುಪ್ತ ಕ್ರಿ.ಶ. 628ರಷ್ಟು ಹಿಂದೆಯೇ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಕೊಟ್ಟಿದ್ದಾನೆ. ಅಡ್ಡಡ್ಡ ಗುಣಿಸಿ:

25 × 2556 = 63900, 4 × 409 = 1636
25 × 409 = 10225, 4 × 2556 = 10224

ಮೊದಲ ಸಾಲನ್ನು ಕೂಡಿ, ಎರಡನೇ ಸಾಲನ್ನು ಕಳೆಯಿರಿ: 65536 ಮತ್ತು 1. ನಮಗೆ ಗೊತ್ತಿದ್ದ ರೂಪವೇ ಬಂತು. ಈಗ ತಿರುಗಾಮುರುಗಾ ಮಾಡಿ, ಮೊದಲ ಸಾಲನ್ನು ಕಳೆದು ಎರಡನೆಯದನ್ನು ಕೂಡಿ: 62264 ಮತ್ತು 20449. ಅಂದರೆ

4294967297 = 62264² + 20449²

3876805696 + 418161601 ಎಂದು ಕೂಡಿ ನೋಡಿ. 10225 ಮತ್ತು 10224ರ ನಡುವಿನ ಒಂದೇ ಒಂದರ ಅಂತರದಲ್ಲಿ ಇಡೀ ಸಂಖ್ಯೆ ಕೂತಿದೆ. ಇನ್ನೊಂದು ಸೊಗಸು: 20449 ಎಂಬುದು 143ರ ವರ್ಗ.

4ರಿಂದ ಭಾಗಿಸಿದಾಗ ಶೇಷ 1 ಕೊಡುವ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ಬಗೆಯಲ್ಲಿ ಬರೆಯಬಹುದು. ಹಾಗಾಗಿ ಎರಡನೇ ಬಗೆ ಕಂಡ ಕ್ಷಣವೇ ಸಂಖ್ಯೆ ಸಂಯುಕ್ತ ಎಂದು ತೀರ್ಮಾನ. ಅಷ್ಟೇ ಅಲ್ಲ, ಎರಡು ಬಗೆಗಳಿಂದ ಅಪವರ್ತನವನ್ನೂ ಹಿಂದಕ್ಕೆ ಪಡೆಯಬಹುದು. ಸಮ ಸಂಖ್ಯೆಗಳ ವ್ಯತ್ಯಾಸ 65536 − 62264 = 3272, ಬೆಸ ಸಂಖ್ಯೆಗಳ ವ್ಯತ್ಯಾಸ 20449 − 1 = 20448. ಇವೆರಡರ ಮ.ಸಾ.ಅ. 8. ಮೊತ್ತಗಳು 127800 ಮತ್ತು 20450, ಇವುಗಳ ಮ.ಸಾ.ಅ. 50. ಎರಡನ್ನೂ ಅರ್ಧ ಮಾಡಿ ವರ್ಗ ತೆಗೆದು ಕೂಡಿ: 4² + 25² = 641.

ಹಂತ 9: 1ನ್ನು 641ರಿಂದ ಭಾಗಿಸಿ

ಇದು ಬೇಕೇ ಬೇಕೆಂದೇನಿಲ್ಲ, ಆದರೆ ಬಿಡಲು ಮನಸ್ಸಾಗುವುದಿಲ್ಲ. 1 ÷ 641ರ ದಶಮಾಂಶವನ್ನು ಕೈಯಲ್ಲೇ ತೆಗೆಯಿರಿ. ಬಿಂದುವಿನ ನಂತರ ಮೊದಲ ಹದಿನಾರು ಅಂಕಿ 0015600624024960, ಮುಂದಿನ ಹದಿನಾರು 9984399375975039, ಆಮೇಲೆ ಇದೇ 32 ಅಂಕಿಗಳು ಮತ್ತೆ ಮತ್ತೆ. ಮೊದಲರ್ಧದ ಪ್ರತಿ ಅಂಕಿಯನ್ನೂ ಎರಡನೇ ಅರ್ಧದ ಅದೇ ಸ್ಥಾನದ ಅಂಕಿಗೆ ಕೂಡಿದರೆ 9.

ಏಕೆ 32? 10⁴ನ್ನು 641ರಿಂದ ಭಾಗಿಸಿದರೆ ಶೇಷ 385. ವರ್ಗ ತೆಗೆದರೆ 10⁸ರ ಶೇಷ 154. ಮತ್ತೆ ವರ್ಗ: 154² = 23716, ಇದು 641 × 37 = 23717ಕ್ಕಿಂತ ಒಂದು ಕಡಿಮೆ. ಹಾಗಾಗಿ 10¹⁶ರ ಶೇಷ −1, ಆವರ್ತ 32. ಈಗ 2ರ ಘಾತಗಳನ್ನು ನೋಡಿ: 2¹⁶ = 65536, 641ರಿಂದ ಭಾಗಿಸಿದರೆ ಶೇಷ ಅದೇ 154! ಇದು ಕಾಕತಾಳೀಯವಲ್ಲ. 641 = 5⁴ + 2⁴ ಆದ್ದರಿಂದ 5⁴ರ ಶೇಷ −2⁴, ಹಾಗಾಗಿ 5⁸ರ ಶೇಷ 2⁸. ಎರಡೂ ಬದಿಗೆ 2⁸ ಗುಣಿಸಿದರೆ 10⁸ ಮತ್ತು 2¹⁶ರ ಶೇಷಗಳು ಒಂದೇ ಎಂದು ಸಿದ್ಧವಾಗುತ್ತದೆ.

ಹಂತ 10: ಕೈವಾರ, ಪಟ್ಟಿ, ಮತ್ತು ಮುಂದಿನ ಸಂಖ್ಯೆ

ಗೌಸ್ 1796ರಲ್ಲಿ 17 ಬಾಹುಗಳ ನಿಯಮಿತ ಬಹುಭುಜಾಕೃತಿಯನ್ನು ಕೈವಾರ ಮತ್ತು ಗುರುತಿಲ್ಲದ ಪಟ್ಟಿಯಿಂದಷ್ಟೇ ರಚಿಸಬಹುದು ಎಂದು ತೋರಿಸಿದ. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ, ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ (ಫರ್ಮಾನ ಸಾಲಿನಲ್ಲಿ ಬರುವ ಅವಿಭಾಜ್ಯಗಳ) ಗುಣಲಬ್ಧವಾಗಿದ್ದಾಗ ಮಾತ್ರ ಹೀಗೆ ರಚಿಸಲು ಸಾಧ್ಯ. ಫರ್ಮಾ ಹೇಳಿದಂತೆ ನಮ್ಮ ಸಂಖ್ಯೆ ಅವಿಭಾಜ್ಯವಾಗಿದ್ದರೆ 4294967297 ಬಾಹುಗಳ ಆಕೃತಿಯೂ ಸಾಧ್ಯವಾಗುತ್ತಿತ್ತು. 641 ಫರ್ಮಾ ಅವಿಭಾಜ್ಯವಲ್ಲ, ಆದ್ದರಿಂದ ಸಾಧ್ಯವಿಲ್ಲ. ಆದರೆ ಅದಕ್ಕಿಂತ ಎರಡು ಬಾಹು ಕಡಿಮೆ ಇರುವ ಆಕೃತಿ, 4294967295 ಬಾಹುಗಳದ್ದು, ಸಾಧ್ಯ: ಹಂತ 1ರಲ್ಲಿ ಕಂಡಂತೆ ಅದು ಐದೂ ಫರ್ಮಾ ಅವಿಭಾಜ್ಯಗಳ ಗುಣಲಬ್ಧ. ಇಂದಿಗೂ ನಮಗೆ ಗೊತ್ತಿರುವಂತೆ ಹೀಗೆ ರಚಿಸಬಹುದಾದ ಬೆಸ ಬಾಹುಗಳ ಅತಿ ದೊಡ್ಡ ಆಕೃತಿ ಅದೇ, ಏಕೆಂದರೆ ಆರನೇ ಫರ್ಮಾ ಅವಿಭಾಜ್ಯ ಈವರೆಗೆ ಯಾರಿಗೂ ಸಿಕ್ಕಿಲ್ಲ.

ಇದೇ ವಿಧಾನವನ್ನು ಸಾಲಿನ ಮುಂದಿನ ಸಂಖ್ಯೆಗೆ ಹೂಡಲು ಬಯಸುವವರಿಗೆ: 2⁶⁴ + 1 = 18446744073709551617. ಹಂತ 4ರ ವಾದವನ್ನು ಅಕ್ಷರಶಃ ಮತ್ತೆ ಬರೆಯಿರಿ, 32 ಇದ್ದಲ್ಲಿ 64 ಇಡಿ. ಅಪವರ್ತನಗಳ ರೂಪ 256ಕ + 1 ಎಂದು ಬರುತ್ತದೆ. ಈ ಸಲ ಐದನೇ ಹೆಜ್ಜೆಗೇ ಉತ್ತರ ಸಿಗುವುದಿಲ್ಲ, ಕ = 1071ರವರೆಗೆ ಹೋಗಬೇಕು: 256 × 1071 + 1 = 274177. ಫ್ರಾನ್ಸಿನ ಲಾಂದ್ರಿ 1880ರಲ್ಲಿ ಈ ಸಂಖ್ಯೆಯನ್ನು ಒಡೆದ. ಉಳಿದ ಅಪವರ್ತನ 67280421310721, ಅದೂ ಅವಿಭಾಜ್ಯವೇ. 20 ಅಂಕಿಗಳ ಸಂಖ್ಯೆಯನ್ನು 274177ರಿಂದ ಭಾಗಿಸುವಾಗ ಕ್ಯಾಲ್ಕುಲೇಟರನ್ನು ನಂಬಬೇಡಿ, ಹಾಳೆಯನ್ನು ಅಡ್ಡವಾಗಿ ಹಿಡಿದು ಉದ್ದ ಭಾಗಾಕಾರ ಮಾಡಿ.